ತಲೆಹೊಟ್ಟು, ಕೂಸಿನ ನೆತ್ತಿಯ ಹಕ್ಕಳೆ, ಮುಖದ ಸಿಪ್ಪೆ: ಸೆಬೋರಿಕ್ ಡರ್ಮಟೈಟಿಸ್‌ಗೆ ಸರಿಯಾದ ಆರೈಕೆ

ಬಾಣಂತಿ ಮನೆಯಲ್ಲಿ ಒಂದೂವರೆ ತಿಂಗಳ ಕೂಸಿನ ನೆತ್ತಿಯ ಮೇಲೆ ಹಳದಿ ಬಣ್ಣದ ದಪ್ಪ ಹಕ್ಕಳೆ. ಕಾಲೇಜಿಗೆ ಹೋಗುವ ಹುಡುಗನ ಅಂಗಿಯ ಭುಜದ ಮೇಲೆ ಬಿಳಿ ಹೊಟ್ಟು. ಐವತ್ತು ದಾಟಿದ ಯಜಮಾನರ ಮೂಗಿನ ಎರಡೂ ಬದಿಯಲ್ಲಿ ಸಿಪ್ಪೆ ಏಳುವ ಕೆಂಪು ಗೆರೆ. ನೋಡುವವರಿಗೆ ಇವು ಮೂರು ಬೇರೆ ಬೇರೆ ತೊಂದರೆಗಳು. ಆದರೆ ಚರ್ಮರೋಗ ತಜ್ಞರ ದೃಷ್ಟಿಯಲ್ಲಿ ಸಾಮಾನ್ಯವಾಗಿ ಇವು ಒಂದೇ ಕಾಯಿಲೆಯ ಮೂರು ರೂಪಗಳು. ಇದರ ಹೆಸರು ಸೆಬೋರಿಕ್ ಡರ್ಮಟೈಟಿಸ್.

ಕರಾವಳಿಯಿಂದ ಘಟ್ಟ ಹತ್ತಿ ಶಿವಮೊಗ್ಗ, ಭದ್ರಾವತಿಗಳಲ್ಲಿ ನೆಲೆ ನಿಂತ ಕುಟುಂಬಗಳು ನಮ್ಮ ಓದುಗರಲ್ಲಿ ಅನೇಕ. ಅಲ್ಲಿನ ಓದುಗರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನವನ್ನು ಸಿದ್ಧಪಡಿಸಿದ್ದೇವೆ. ಇದು ಪ್ರಾಣ ತೆಗೆಯುವ ಕಾಯಿಲೆಯಲ್ಲ. ಆದರೂ ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಈ ಕಾಯಿಲೆಗಿಂತ ಇದಕ್ಕೆ ನಾವು ಮಾಡಿಕೊಳ್ಳುವ ತಪ್ಪು ಮದ್ದಿನಿಂದಲೇ ಹೆಚ್ಚು ಹಾನಿಯಾಗುತ್ತಿದೆ. ಮೆಡಿಕಲ್ ಶಾಪಿನಿಂದ ಕೇಳಿ ತಂದ ಟ್ಯೂಬು, ಹಕ್ಕಳೆಯ ಮೇಲೆ ಮತ್ತೆ ಮತ್ತೆ ಸುರಿದ ಎಣ್ಣೆ, ಅಂಟುರೋಗವೋ ತೊನ್ನೋ ಎಂಬ ಭಯ: ಈ ಮೂರನ್ನು ಬಿಟ್ಟರೆ ಅರ್ಧ ಚಿಕಿತ್ಸೆ ಆದಂತೆ.

ಏನಿದು ಕಾಯಿಲೆ?

ನಮ್ಮ ಚರ್ಮದಲ್ಲಿ ಎಣ್ಣೆಯನ್ನು ಸ್ರವಿಸುವ ಸಣ್ಣ ಗ್ರಂಥಿಗಳಿವೆ. ತಲೆ, ಹುಬ್ಬು, ಮೂಗಿನ ಬದಿ, ಕಿವಿಯ ಹಿಂಭಾಗ, ಗಡ್ಡ, ಎದೆಯ ನಡುಭಾಗ ಇಲ್ಲೆಲ್ಲಾ ಅವು ಹೆಚ್ಚು. ಈ ಎಣ್ಣೆಯನ್ನೇ ಆಹಾರ ಮಾಡಿಕೊಂಡು ಮಲಸೀಜಿಯಾ ಎಂಬ ಯೀಸ್ಟ್ ಎಲ್ಲರ ಚರ್ಮದ ಮೇಲೂ ಬದುಕುತ್ತದೆ. 1874ರಲ್ಲಿ ತಲೆಹೊಟ್ಟಿನಲ್ಲಿ ಇದನ್ನು ಗುರುತಿಸಿದ ಫ್ರಾನ್ಸಿನ ವಿಜ್ಞಾನಿ ಲೂಯಿ ಶಾರ್ಲ್ ಮಲಸೇ ಅವರ ಹೆಸರನ್ನೇ ಇದಕ್ಕೆ ಇಡಲಾಗಿದೆ. ಕಾಯಿಲೆಯನ್ನು ಒಂದು ಪ್ರತ್ಯೇಕ ಚರ್ಮರೋಗವೆಂದು 1887ರಲ್ಲಿ ವಿವರಿಸಿದವರು ಜರ್ಮನಿಯ ವೈದ್ಯ ಪೌಲ್ ಉನ್ನಾ.

ಈ ಯೀಸ್ಟ್ ತನಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳಲಾರದು. ಆದ್ದರಿಂದ ಚರ್ಮದ ಎಣ್ಣೆಯನ್ನು ಒಡೆದು ತನಗೆ ಬೇಕಾದ ಅಂಶವನ್ನು ತಿನ್ನುತ್ತದೆ, ಬೇಡವಾದದ್ದನ್ನು ಅಲ್ಲೇ ಬಿಡುತ್ತದೆ. ಹಾಗೆ ಉಳಿದ ಆಮ್ಲಗಳು ಕೆಲವರ ಚರ್ಮಕ್ಕೆ ಕಿರಿಕಿರಿ ಮಾಡುತ್ತವೆ. ಚರ್ಮ ಕೆಂಪಾಗುತ್ತದೆ, ತುರಿಸುತ್ತದೆ, ಅವಸರವಾಗಿ ಹೊಸ ಪದರಗಳನ್ನು ಬೆಳೆಸಿ ಹಳೆಯದನ್ನು ಹೊಟ್ಟಾಗಿ ಉದುರಿಸುತ್ತದೆ. ಎಲ್ಲರ ಮೈಮೇಲೂ ಇರುವ ಯೀಸ್ಟ್ ಕೆಲವರಿಗೆ ಮಾತ್ರ ತೊಂದರೆ ಕೊಡುವುದು ಅವರವರ ಚರ್ಮದ ಗುಣದಿಂದ. ಹಾಗಾಗಿ ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕೊಳಕಿನಿಂದ ಬರುವುದಿಲ್ಲ. ತಾಯಿ ಸರಿಯಾಗಿ ಮೀಯಿಸಲಿಲ್ಲ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಬಾಣಂತಿ ತಿಂದ ಯಾವುದೋ ಪದಾರ್ಥದಿಂದ ಬಂತು ಎಂಬುದಕ್ಕೂ ಆಧಾರವಿಲ್ಲ.

ಊರು ಬದಲಾಯಿಸಿದವರು "ನೀರು ಬದಲಾಯಿತು, ಅದಕ್ಕೇ ಹೊಟ್ಟು" ಎನ್ನುವುದುಂಟು. ನೀರು ಈ ಕಾಯಿಲೆಯ ಮೂಲವಲ್ಲ. ಆದರೆ ಚಳಿ ಮತ್ತು ಒಣ ಹವೆಯಲ್ಲಿ ಇದು ಉಲ್ಬಣಿಸುವುದು ನಿಜ. ಕರಾವಳಿಯ ತೇವದ ಹವೆಗೆ ಒಗ್ಗಿಕೊಂಡವರಿಗೆ ಘಟ್ಟದ ಮೇಲಿನ ಡಿಸೆಂಬರ್, ಜನವರಿಯ ಚಳಿಯಲ್ಲಿ ಹೊಟ್ಟು ಹೆಚ್ಚಾದರೆ ಆಶ್ಚರ್ಯವಿಲ್ಲ. ನಿದ್ದೆಗೇಡು, ಮಾನಸಿಕ ಒತ್ತಡಗಳಿಂದಲೂ ಇದು ಕೆರಳುತ್ತದೆ.

ಯಾವ ವಯಸ್ಸಿನಲ್ಲಿ?

ಈ ಕಾಯಿಲೆಗೆ ಮೂರು ಕಾಲಗಳಿವೆ. ಮೊದಲನೆಯದು ಹುಟ್ಟಿದ ಮೊದಲ ಮೂರು ತಿಂಗಳು. ಎರಡನೆಯದು ಹದಿಹರೆಯದಿಂದ ಮುಂದೆ. ಮೂರನೆಯದು 40ರಿಂದ 60ರ ನಡುವೆ. ಗಂಡಸರಲ್ಲಿ ಸ್ವಲ್ಪ ಹೆಚ್ಚು. ವಯಸ್ಕರಲ್ಲಿ ನೂರಕ್ಕೆ 3ರಿಂದ 5 ಮಂದಿಗೆ ಇದು ಇರುತ್ತದೆ. ಸಾದಾ ತಲೆಹೊಟ್ಟನ್ನೂ ಸೇರಿಸಿದರೆ ಸಂಖ್ಯೆ ಇನ್ನೂ ಬಹಳ ದೊಡ್ಡದು.

ಒಂದು ವರ್ಷದ ನಂತರ ಹದಿಹರೆಯದವರೆಗೆ ಇದು ಅಪರೂಪ. ಈ ಮಾತನ್ನು ಹೆತ್ತವರು ಮತ್ತು ಹಾಸ್ಟೆಲ್ ನೋಡಿಕೊಳ್ಳುವವರು ನೆನಪಿನಲ್ಲಿಡಬೇಕು. ಅದೇಕೆಂದು ಮುಂದೆ ಹೇಳುತ್ತೇವೆ.

ಕೂಸಿನ ನೆತ್ತಿಯ ಹಕ್ಕಳೆ

ತಾಯಿಯಿಂದ ಬಂದ ಹಾರ್ಮೋನುಗಳ ಪ್ರಭಾವದಿಂದ ಕೂಸಿನ ಎಣ್ಣೆ ಗ್ರಂಥಿಗಳು ಮೊದಲ ತಿಂಗಳುಗಳಲ್ಲಿ ಚುರುಕಾಗಿರುತ್ತವೆ. ಆಗ ನೆತ್ತಿಯ ಮೇಲೆ ಜಿಡ್ಡಾದ ಹಳದಿ ಹಕ್ಕಳೆ ಕಟ್ಟುತ್ತದೆ. ಹುಬ್ಬು, ಕಿವಿಯ ಹಿಂದೆ, ಕತ್ತಿನ ಮಡಿಕೆ, ಕಂಕುಳು, ತೊಡೆಸಂದುಗಳಲ್ಲೂ ಬರಬಹುದು. ನೋಡಲು ಗಾಬರಿ ಹುಟ್ಟಿಸಿದರೂ ಕೂಸಿಗೆ ಇದರಿಂದ ಹೆಚ್ಚು ತುರಿಕೆಯಿರುವುದಿಲ್ಲ. ಹಾಲು ಕುಡಿಯುತ್ತದೆ, ನಿದ್ದೆ ಮಾಡುತ್ತದೆ, ಆಡುತ್ತದೆ. ಹೆಚ್ಚಿನ ಕೂಸುಗಳಲ್ಲಿ ಕೆಲವು ತಿಂಗಳುಗಳಲ್ಲಿ, ಒಂದು ವರ್ಷ ತುಂಬುವುದರೊಳಗೆ, ತಾನಾಗಿಯೇ ಹೋಗುತ್ತದೆ.

ನಮ್ಮಲ್ಲಿ ಕೂಸಿನ ನೆತ್ತಿಗೆ ಎಣ್ಣೆ ತಟ್ಟುವ ಪದ್ಧತಿ ಇದೆ. ಹಕ್ಕಳೆ ಕಂಡ ಕೂಡಲೇ ಇನ್ನಷ್ಟು ಎಣ್ಣೆ ಹಚ್ಚಿ ಹಾಗೆಯೇ ಬಿಡುವುದು ವಾಡಿಕೆ. ಎಣ್ಣೆಯಿಂದ ಹಕ್ಕಳೆ ಮೆದುವಾಗುತ್ತದೆ, ನಿಜ. ಆದರೆ ತೊಳೆಯದೆ ಬಿಟ್ಟ ಎಣ್ಣೆ ಹಕ್ಕಳೆಯನ್ನು ಇನ್ನೂ ದಪ್ಪ ಮಾಡುತ್ತದೆ. ಸರಿಯಾದ ಕ್ರಮ ಹೀಗಿದೆ:

1. ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಕ್ಕಳೆಯ ಮೇಲೆ ವ್ಯಾಸಲೀನ್ ಅಥವಾ ಮಿನರಲ್ ಆಯಿಲ್‌ನಿಂದ ಮಾಡಿದ ಬೇಬಿ ಆಯಿಲ್ ತೆಳ್ಳಗೆ ಹಚ್ಚಿ.

2. ಮೆದುವಾದ ಬ್ರಶ್ ಅಥವಾ ಹತ್ತಿ ಬಟ್ಟೆಯಿಂದ ಬಹಳ ಹಗುರವಾಗಿ ಉಜ್ಜಿ. ಬಂದಷ್ಟು ಬರಲಿ. ಉಗುರಿನಿಂದ ಕೀಳಬೇಡಿ. ಗಾಯವಾದರೆ ಕೀವು ತುಂಬುತ್ತದೆ.

3. ಬೇಬಿ ಶಾಂಪೂ ಹಾಕಿ ಎಣ್ಣೆಯ ಅಂಶ ಉಳಿಯದಂತೆ ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಕಡಲೆಹಿಟ್ಟು, ಸೀಗೆಪುಡಿಯಿಂದ ತಿಕ್ಕುವುದು ಬೇಡ.

4. ಮೊದಲು ದಿನವೂ, ಕಡಿಮೆಯಾದ ಮೇಲೆ ವಾರಕ್ಕೆ ಎರಡು ಮೂರು ಸಲ ಮಾಡಿದರೆ ಸಾಕು.

ಕರ್ಪೂರ ಹಾಕಿ ಕಾಯಿಸಿದ ಎಣ್ಣೆಯನ್ನು ಕೂಸಿಗೆ ಖಂಡಿತ ಹಚ್ಚಬಾರದು. ಕರ್ಪೂರ ಚರ್ಮದ ಮೂಲಕ ಒಳಗೆ ಹೋಗಿ ಎಳೆ ಮಕ್ಕಳಿಗೆ ಫಿಟ್ಸ್ ಬರಿಸಬಲ್ಲದು. ದೊಡ್ಡವರ ಹೊಟ್ಟಿನ ಶಾಂಪೂಗಳನ್ನೂ ಸ್ಯಾಲಿಸಿಲಿಕ್ ಆಮ್ಲವಿರುವ ಔಷಧಗಳನ್ನೂ ಕೂಸಿಗೆ ಬಳಸಬಾರದು. ಕೆಲವು ವಾರಗಳ ಆರೈಕೆಯಿಂದ ಗುಣ ಕಾಣದಿದ್ದರೆ ವೈದ್ಯರು ಕೀಟೋಕೊನಜೋಲ್ ಕ್ರೀಮನ್ನೋ, ಕೆಲವೇ ದಿನಗಳ ಮಟ್ಟಿಗೆ ಅತಿ ಸೌಮ್ಯವಾದ ಹೈಡ್ರೋಕಾರ್ಟಿಸೋನ್ ಕ್ರೀಮನ್ನೋ ಬರೆದುಕೊಡಬಹುದು. ಅದನ್ನು ವೈದ್ಯರೇ ನಿರ್ಧರಿಸಬೇಕು.

ಕೆಳಗಿನ ಲಕ್ಷಣಗಳಿದ್ದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ: ಮೈಯೆಲ್ಲಾ ಕೆಂಪಾಗಿ ಸಿಪ್ಪೆ ಏಳುವುದು, ಜ್ವರ, ನಿಲ್ಲದ ಭೇದಿ, ಕೂಸಿನ ತೂಕ ಏರದಿರುವುದು, ಹಕ್ಕಳೆಯಿಂದ ಕೀವು ಅಥವಾ ದುರ್ವಾಸನೆ, ಚರ್ಮದಲ್ಲಿ ರಕ್ತದ ಚುಕ್ಕೆಗಳು.

ದೊಡ್ಡವರ ತಲೆ: ಶಾಂಪೂ ಎಷ್ಟು ಹೊತ್ತು?

ದೊಡ್ಡವರಿಗೆ ಮುಖ್ಯ ಔಷಧ ಯೀಸ್ಟನ್ನು ಹತೋಟಿಗೆ ತರುವ ಶಾಂಪೂ. ಶೇಕಡಾ 2ರ ಕೀಟೋಕೊನಜೋಲ್ ಇದರಲ್ಲಿ ಹೆಚ್ಚು ಬಳಕೆಯಲ್ಲಿದೆ. ಸೆಲೆನಿಯಂ ಸಲ್ಫೈಡ್, ಜಿಂಕ್ ಪೈರಿಥಿಯೋನ್, ಸೈಕ್ಲೋಪಿರಾಕ್ಸ್ ಇರುವ ಶಾಂಪೂಗಳೂ ಇವೆ. ಖರೀದಿಸುವಾಗ ಬ್ರಾಂಡಿನ ಹೆಸರಿಗಿಂತ ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ.

"ಶಾಂಪೂ ಹಾಕಿದೆ, ಏನೂ ಪ್ರಯೋಜನವಾಗಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರು ಹಾಕಿದ ತಕ್ಷಣ ತೊಳೆದುಬಿಡುತ್ತಾರೆ. ಔಷಧಕ್ಕೆ ಕೆಲಸ ಮಾಡಲು ಸಮಯ ಕೊಡಬೇಕು. ತಲೆ ಒದ್ದೆ ಮಾಡಿ, ಶಾಂಪೂವನ್ನು ಕೂದಲಿಗಲ್ಲ, ಬುಡದ ಚರ್ಮಕ್ಕೆ ಬೆರಳ ತುದಿಯಿಂದ ತಿಕ್ಕಿ. 5 ನಿಮಿಷ ಬಿಡಿ. ಆಮೇಲೆ ತೊಳೆಯಿರಿ. ವಾರಕ್ಕೆ ಎರಡು ಸಲದಂತೆ 4 ವಾರ ಮಾಡಿ. ಗಡ್ಡ, ಹುಬ್ಬುಗಳಲ್ಲಿ ಹೊಟ್ಟಿದ್ದರೆ ಅದೇ ನೊರೆಯನ್ನು ಅಲ್ಲಿಗೂ ಹಚ್ಚಬಹುದು. ಕಣ್ಣಿಗೆ ತಾಗದಂತೆ ಜಾಗ್ರತೆ ವಹಿಸಿ.

ನಾಲ್ಕು ವಾರದಲ್ಲಿ ಗುಣವಾಯಿತೆಂದು ಶಾಂಪೂ ಬಿಟ್ಟರೆ ಹೊಟ್ಟು ಮರಳಿ ಬರುತ್ತದೆ. ಏಕೆಂದರೆ ಇದು ಒಂದು ಸಲ ಔಷಧ ಮಾಡಿ ಮರೆಯುವ ಕಾಯಿಲೆಯಲ್ಲ. ಸಕ್ಕರೆ ಕಾಯಿಲೆ, ಬಿ.ಪಿ.ಯ ಹಾಗೆ ಹತೋಟಿಯಲ್ಲಿಡುವ ಕಾಯಿಲೆ. ಗುಣವಾದ ಮೇಲೂ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಅದೇ ಶಾಂಪೂ ಬಳಸಬೇಕು. ಹೀಗೆ ಮಾಡುವವರಿಗೆ ಕಾಯಿಲೆ ಇದೆ ಎಂಬುದೇ ಮರೆತುಹೋಗುವಷ್ಟು ಕಡಿಮೆಯಿರುತ್ತದೆ.

ಹಕ್ಕಳೆ ದಪ್ಪವಾಗಿದ್ದರೆ ಶಾಂಪೂ ಒಳಗಿಳಿಯುವುದಿಲ್ಲ. ಅಂಥವರಿಗೆ ಮೊದಲು ಸ್ಯಾಲಿಸಿಲಿಕ್ ಆಮ್ಲ ಅಥವಾ ಕೋಲ್‌ಟಾರ್ ಇರುವ ಔಷಧದಿಂದ ಹಕ್ಕಳೆ ಮೆದು ಮಾಡಿ, ನಂತರ ಶಾಂಪೂ ಬಳಸಲು ವೈದ್ಯರು ಸೂಚಿಸುತ್ತಾರೆ.

ಇನ್ನು ತಲೆಗೆ ಎಣ್ಣೆಯ ವಿಷಯ. ಹೊಟ್ಟೆಂದರೆ ಒಣಗಿದ ತಲೆ, ಎಣ್ಣೆ ಹಾಕಿದರೆ ಸರಿಹೋಗುತ್ತದೆ ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ಎಣ್ಣೆ ಹಾಕಿದಾಗ ಹೊಟ್ಟು ತಲೆಗೆ ಅಂಟಿಕೊಂಡು ಕಾಣದಾಗುತ್ತದೆ, ಕಡಿಮೆಯಾಗುವುದಿಲ್ಲ. ಈ ಯೀಸ್ಟನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಆಲಿವ್ ಎಣ್ಣೆಯನ್ನೇ ಬಳಸುತ್ತಾರೆ ಎಂದರೆ ಎಣ್ಣೆಗೂ ಇದಕ್ಕೂ ಇರುವ ಸಂಬಂಧ ಅರ್ಥವಾದೀತು. ಅಭ್ಯಾಸ ಬಿಡಲಾಗದವರು ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹಚ್ಚಿ ಪೂರ್ತಿ ತೊಳೆದುಕೊಳ್ಳಲಿ. ರಾತ್ರಿಯಿಡೀ ಬಿಡುವುದು ಬೇಡ. ನಿಂಬೆರಸವನ್ನು ಕೆರಳಿದ ಚರ್ಮಕ್ಕೆ ಹಚ್ಚಿದರೆ ಉರಿ ಹೆಚ್ಚಾಗುತ್ತದೆ.

ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಸುಮಾರು 20 ಕಿ.ಮೀ. ದಾರಿಯನ್ನು ದಿನವೂ ಬೈಕಿನಲ್ಲಿ ಓಡಾಡುವ ಕೆಲಸಗಾರರಿದ್ದಾರೆ. ಹೆಲ್ಮೆಟ್‌ನಿಂದಲೇ ಹೊಟ್ಟು ಬರುತ್ತದೆಂದು ಅದನ್ನು ಹ್ಯಾಂಡಲ್‌ಗೆ ತೂಗುಹಾಕುವವರನ್ನೂ ಕಾಣುತ್ತೇವೆ. ಇದು ಜೀವದ ಮಾತು. ಹೆಲ್ಮೆಟ್ ಈ ಕಾಯಿಲೆಯನ್ನು ತರುವುದಿಲ್ಲ. ಒಳಗೆ ಬೆವರಿ ತುರಿಕೆ ಹೆಚ್ಚಬಹುದು, ಅಷ್ಟೇ. ಒಳಗೊಂದು ತೆಳು ಹತ್ತಿ ಬಟ್ಟೆ ಕಟ್ಟಿಕೊಂಡು ಅದನ್ನು ದಿನವೂ ಒಗೆದರೆ ಸಾಕು. ತಲೆಹೊಟ್ಟಿಗೆ ಶಾಂಪೂ ಇದೆ, ಒಡೆದ ತಲೆಗೆ ಯಾವ ಶಾಂಪೂವೂ ಇಲ್ಲ.

ಮುಖದ ಮೇಲೆ ಬಂದರೆ

ಮುಖಕ್ಕೆ ಕೀಟೋಕೊನಜೋಲ್ ಕ್ರೀಮನ್ನು ದಿನಕ್ಕೆ ಒಂದು ಅಥವಾ ಎರಡು ಸಲದಂತೆ 2ರಿಂದ 4 ವಾರ ಹಚ್ಚುವುದು ಸಾಮಾನ್ಯ ಚಿಕಿತ್ಸೆ. ಉರಿ, ಕೆಂಪು ತುಂಬಾ ಇದ್ದರೆ ವೈದ್ಯರು ಶೇಕಡಾ 1ರ ಹೈಡ್ರೋಕಾರ್ಟಿಸೋನನ್ನು ಕೆಲವು ದಿನಗಳ ಮಟ್ಟಿಗೆ ಕೊಡುತ್ತಾರೆ. ಪದೇ ಪದೇ ಬರುವವರಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್‌ನಂಥ ಮುಲಾಮುಗಳಿವೆ. ಅಮೆರಿಕದಲ್ಲಿ 2023ರ ಡಿಸೆಂಬರ್‌ನಲ್ಲಿ ರೋಫ್ಲುಮಿಲಾಸ್ಟ್ ಎಂಬ ಹೊಸ ನೊರೆಯ ಔಷಧಕ್ಕೆ ಇದೇ ಕಾಯಿಲೆಗಾಗಿ ಅನುಮತಿ ಸಿಕ್ಕಿದೆ. ಆದರೆ ಹೆಚ್ಚಿನವರಿಗೆ ಹಳೆಯ ಅಗ್ಗದ ಔಷಧಗಳೇ ಸಾಕು. ಕೀಟೋಕೊನಜೋಲ್ ಮಾತ್ರೆಯನ್ನು ಮಾತ್ರ ಈ ಕಾಯಿಲೆಗೆ ನುಂಗಬಾರದು. ಅದರಿಂದ ಪಿತ್ತಜನಕಾಂಗಕ್ಕೆ ತೀವ್ರ ಹಾನಿಯಾಗಬಹುದೆಂದು 2013ರಲ್ಲಿ ಅಮೆರಿಕ ಮತ್ತು ಯುರೋಪಿನ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ.

ನಮ್ಮ ಮೈಬಣ್ಣದಲ್ಲಿ ಈ ಕಾಯಿಲೆ ಯಾವಾಗಲೂ ಕೆಂಪಾಗಿ ಕಾಣುವುದಿಲ್ಲ. ಕೆನ್ನೆ, ಹಣೆ, ಮೂಗಿನ ಬದಿಯಲ್ಲಿ ಚರ್ಮಕ್ಕಿಂತ ತಿಳಿಯಾದ ಮಚ್ಚೆಗಳಾಗಿ ಕಾಣಬಹುದು. ಹೆಣ್ಣು ಮಕ್ಕಳ ಮುಖದಲ್ಲಿ ಇಂಥ ಮಚ್ಚೆ ಕಂಡರೆ ತೊನ್ನು ಎಂದು ಮನೆಮಂದಿ ಎದೆಗುಂದುತ್ತಾರೆ, ಮದುವೆಯ ಮಾತುಕತೆಯೇ ನಿಲ್ಲುತ್ತದೆ. ತೊನ್ನಿನಲ್ಲಿ ಬಣ್ಣ ಪೂರ್ತಿ ಹೋಗಿ ಹಾಲಿನಂತೆ ಬಿಳಿಯಾಗುತ್ತದೆ, ಸಿಪ್ಪೆ ಇರುವುದಿಲ್ಲ. ಇಲ್ಲಿ ಬಣ್ಣ ಮಾಸಿರುತ್ತದೆ, ಮೇಲೆ ಸಣ್ಣ ಸಿಪ್ಪೆ ಇರುತ್ತದೆ. ಕಾಯಿಲೆ ಹತೋಟಿಗೆ ಬಂದ ಮೇಲೆ ಕೆಲವು ವಾರ, ತಿಂಗಳುಗಳಲ್ಲಿ ಬಣ್ಣ ಮರಳುತ್ತದೆ. ತೊನ್ನೇ ಆಗಿದ್ದರೂ ಅದು ಅಂಟುರೋಗವಲ್ಲ, ಅದಕ್ಕೂ ಚಿಕಿತ್ಸೆ ಇದೆ ಎಂಬುದನ್ನು ಸೇರಿಸಿಯೇ ಹೇಳಬೇಕು.

ಟ್ಯೂಬಿನ ಅಪಾಯ

ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳುವುದು ಎಲ್ಲ ಊರುಗಳಲ್ಲೂ ನಡೆಯುತ್ತದೆ. ಹಾಗೆ ಸಿಗುವ ಟ್ಯೂಬುಗಳಲ್ಲಿ ಅನೇಕವು ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯೋಟಿಕ್ ಎಲ್ಲವನ್ನೂ ಬೆರೆಸಿದವು. ಹಚ್ಚಿದ ಎರಡೇ ದಿನದಲ್ಲಿ ಕೆಂಪು ಮಾಯವಾಗುತ್ತದೆ. ಬಿಟ್ಟ ಕೂಡಲೇ ಮರಳುತ್ತದೆ. ಮತ್ತೆ ಹಚ್ಚುತ್ತಾರೆ. ಹೀಗೆ ತಿಂಗಳುಗಟ್ಟಲೆ ಹಚ್ಚಿದ ಮುಖದಲ್ಲಿ ಚರ್ಮ ಕಾಗದದಂತೆ ತೆಳುವಾಗಿ, ರಕ್ತನಾಳಗಳು ಮೇಲೆ ಕಂಡು, ಮೊಡವೆ ಎದ್ದು, ಬೇಡದ ಕೂದಲು ಬೆಳೆದು, ಬಿಸಿಲಿಗೆ ಹೋದರೆ ಸುಡುವ ಸ್ಥಿತಿ ಬರುತ್ತದೆ. ಕೂಸುಗಳಲ್ಲಿ ಔಷಧ ದೇಹದೊಳಗೂ ಸೇರಿ ಬೆಳವಣಿಗೆಗೆ ತೊಡಕಾಗಬಹುದು.

ಭಾರತೀಯ ಚರ್ಮರೋಗ ತಜ್ಞರ ಸಂಘ ಈ ದುರುಪಯೋಗದ ವಿರುದ್ಧ ವರ್ಷಗಳಿಂದ ಜಾಗೃತಿ ನಡೆಸುತ್ತಿದೆ. ಕೇಂದ್ರ ಸರ್ಕಾರ 2018ರಲ್ಲಿ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್ ಎಂಬ ಹೆಸರುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ವೈದ್ಯರು ಹೇಳದೆ ಮುಖಕ್ಕೂ ಮಕ್ಕಳಿಗೂ ಹಚ್ಚಬೇಡಿ. ಈಗಾಗಲೇ ತಿಂಗಳುಗಳಿಂದ ಹಚ್ಚುತ್ತಿದ್ದರೆ ಒಮ್ಮೆಲೇ ಬಿಟ್ಟಾಗ ಮುಖ ಇನ್ನಷ್ಟು ಕೆರಳಬಹುದು. ಟ್ಯೂಬನ್ನೇ ಕೈಯಲ್ಲಿ ಹಿಡಿದುಕೊಂಡು ಚರ್ಮರೋಗ ತಜ್ಞರ ಬಳಿ ಹೋಗಿ. ಬೈಯುತ್ತಾರೆಂದು ಅದನ್ನು ಮನೆಯಲ್ಲಿಟ್ಟು ಹೋಗಬೇಡಿ.

ಇದೇ ಕಾಯಿಲೆಯೋ, ಬೇರೆಯೋ?

ಒಂದು ವರ್ಷದ ನಂತರ ಹದಿಹರೆಯದವರೆಗೆ ಈ ಕಾಯಿಲೆ ಅಪರೂಪ ಎಂದೆವು. ಶಾಲೆಗೆ ಹೋಗುವ ಮಗುವಿನ ತಲೆಯಲ್ಲಿ ಹೊಟ್ಟಿನ ಜತೆ ಕೂದಲು ತುಂಡಾಗಿ ಅಲ್ಲಲ್ಲಿ ಬೋಳಾಗುತ್ತಿದ್ದರೆ ಅದು ತಲೆಯ ಹುಳುಕಡ್ಡಿ ಆಗಿರಬಹುದು. ಇದು ಅಂಟುತ್ತದೆ. ಶಾಂಪೂ, ಮುಲಾಮುಗಳಿಂದ ಗುಣವಾಗುವುದಿಲ್ಲ, ವಾರಗಟ್ಟಲೆ ಮಾತ್ರೆ ಬೇಕು. ತಡ ಮಾಡಿದರೆ ಕೂದಲು ಶಾಶ್ವತವಾಗಿ ಹೋಗಬಹುದು. ಕೂದಲಿಗೆ ಅಂಟಿಕೊಂಡು ಕೊಡವಿದರೂ ಬೀಳದ ಬಿಳಿ ಕಾಳು ಹೊಟ್ಟಲ್ಲ, ಹೇನಿನ ಸೀರು.

ದಪ್ಪ ಬೆಳ್ಳಿ ಬಣ್ಣದ ಸಿಪ್ಪೆ ಹಣೆಯ ಗಡಿ ದಾಟಿ, ಮೊಣಕೈ, ಮೊಣಕಾಲುಗಳಲ್ಲೂ ಇದ್ದರೆ ಸೋರಿಯಾಸಿಸ್ ಇರಬಹುದು. ಮಗು ತುರಿಕೆಯಿಂದ ನಿದ್ದೆಗೆಟ್ಟು ಅಳುತ್ತಿದ್ದರೆ ಬೇರೆ ಬಗೆಯ ಎಕ್ಸಿಮಾ ಇರಬಹುದು. ತಿಳಿ ಮಚ್ಚೆಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಕುಷ್ಠದ ಪರೀಕ್ಷೆ ಮಾಡಿಸಬೇಕು. ಅದರ ಪರೀಕ್ಷೆಯೂ ಔಷಧವೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ.

ಪಾರ್ಕಿನ್ಸನ್ ಕಾಯಿಲೆ ಇರುವ ಹಿರಿಯರಲ್ಲಿ ಸೆಬೋರಿಕ್ ಡರ್ಮಟೈಟಿಸ್ ಹೆಚ್ಚು. ಎಚ್.ಐ.ವಿ. ಸೋಂಕು ಇರುವವರಲ್ಲೂ ಇದು ಹೆಚ್ಚಾಗಿ, ಉಗ್ರವಾಗಿ ಬರುತ್ತದೆ. ಹಾಗೆಂದು ತಲೆಹೊಟ್ಟು ಕಂಡವರನ್ನೆಲ್ಲ ಸಂಶಯದಿಂದ ನೋಡುವುದು ಅನ್ಯಾಯ. ಈ ಕಾಯಿಲೆ ಇರುವ ಬಹುಪಾಲು ಜನರಿಗೆ ಬೇರೆ ಯಾವ ರೋಗವೂ ಇರುವುದಿಲ್ಲ. ಒಮ್ಮೆಲೇ ಮೈತುಂಬ ಹರಡಿದರೆ, ಯಾವ ಔಷಧಕ್ಕೂ ಬಗ್ಗದಿದ್ದರೆ ವೈದ್ಯರು ಪರೀಕ್ಷೆ ಸೂಚಿಸಬಹುದು. 2017ರ ಕಾಯ್ದೆಯ ಪ್ರಕಾರ ಈ ಪರೀಕ್ಷೆಗೆ ವ್ಯಕ್ತಿಯ ಒಪ್ಪಿಗೆ ಬೇಕು, ಫಲಿತಾಂಶ ಗುಟ್ಟಾಗಿರಬೇಕು.

ಎಲ್ಲಿ ತೋರಿಸಬೇಕು?

ಶಿವಮೊಗ್ಗದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದ ಮೆಗ್ಗಾನ್ ಬೋಧನಾ ಆಸ್ಪತ್ರೆ ಇದೆ. ಇದು ಸರ್ಕಾರಿ ಆಸ್ಪತ್ರೆ. ಭದ್ರಾವತಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದರೆ ಅಲ್ಲಿಂದ ಮೆಗ್ಗಾನ್‌ಗೆ ಹೋಗಬಹುದು. ಈ ಕಾಯಿಲೆಗಾಗಿ ಘಟ್ಟ ಇಳಿದು ಮಣಿಪಾಲ, ಮಂಗಳೂರಿಗೆ ಬರಬೇಕಾದ ಪ್ರಸಂಗ ಕಡಿಮೆ. ಹೋಗುವಾಗ ಈವರೆಗೆ ಬಳಸಿದ ಎಲ್ಲ ಟ್ಯೂಬು, ಶಾಂಪೂ, ನಾಟಿ ಔಷಧಗಳನ್ನು ಒಂದು ಚೀಲದಲ್ಲಿ ಕೊಂಡೊಯ್ಯಿರಿ. ಅಂದು ಮುಖಕ್ಕೆ ಪೌಡರ್, ತಲೆಗೆ ಎಣ್ಣೆ ಹಚ್ಚದೆ ಹೋದರೆ ವೈದ್ಯರಿಗೆ ನೋಡಲು ಅನುಕೂಲ.

ನಮ್ಮ ಕಾರ್ಯಕರ್ತರು ಏನು ಮಾಡಬಹುದು?

ಚರ್ಮದ ಕಾಯಿಲೆ ಇದ್ದವರನ್ನು ದೂರ ಇಡುವ ಅಭ್ಯಾಸ ನಮ್ಮ ಸಮಾಜದಲ್ಲಿ ಹಳೆಯದು. ಫಾದರ್ ಅಗಸ್ಟಸ್ ಮುಲ್ಲರ್ ಅವರು ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಔಷಧಾಲಯ ತೆರೆದು, 1890ರಲ್ಲಿ ಕುಷ್ಠ ರೋಗಿಗಳಿಗೆ ಆಸರೆ ಕಟ್ಟಿದ್ದು ಹಾಗೆ ಹೊರಗಾದವರಿಗಾಗಿಯೇ. ಇಂದು ನಮ್ಮಿಂದ ಅಷ್ಟು ದೊಡ್ಡ ಕೆಲಸ ಆಗಬೇಕಿಲ್ಲ. ಮನೆಭೇಟಿಗೆ ಹೋಗುವ ಗುರಿಕಾರರು, ಧರ್ಮಭಗಿನಿಯರು, ಸ್ತ್ರೀ ಸಂಘಟನೆಯ ಸದಸ್ಯೆಯರು ಬಾಣಂತಿ ಮನೆಯಲ್ಲಿ ತಾಯಿಯನ್ನು ದೂರುವ ಮಾತು ಕೇಳಿಬಂದರೆ ಅದನ್ನು ತಿದ್ದಲಿ. ಹಾಸಿಗೆ ಹಿಡಿದ ಹಿರಿಯರ ಬಳಿ ಹೋದಾಗ ಅವರ ಹುಬ್ಬು, ಕಿವಿಯ ಹಿಂದೆ ಸಿಪ್ಪೆ ಕಟ್ಟಿದೆಯೇ ಎಂದು ನೋಡಲಿ. ತಾವಾಗಿ ಮುಖ ತೊಳೆದುಕೊಳ್ಳಲಾರದವರಿಗೆ ಇದು ಬೇಗ ಹೆಚ್ಚಾಗುತ್ತದೆ, ತುರಿಕೆಯನ್ನು ಅವರು ಬಾಯಿಬಿಟ್ಟು ಹೇಳಲಾರರು. ಹಾಸ್ಟೆಲುಗಳಲ್ಲಿ ಮಕ್ಕಳಿಗೆ ಬಾಚಣಿಗೆ, ಟವೆಲು ಬೇರೆ ಬೇರೆ ಇರಲಿ. ಅದು ಹೇನು ಮತ್ತು ಹುಳುಕಡ್ಡಿಯ ಕಾರಣಕ್ಕೆ. ಹೊಟ್ಟಿರುವ ಮಗುವನ್ನು ಬೇರೆ ಕೂರಿಸುವ ಅಗತ್ಯ ಮಾತ್ರ ಇಲ್ಲ.

ಈ ಲೇಖನ ವೈದ್ಯರ ಸಲಹೆಗೆ ಬದಲಿಯಲ್ಲ. ಮನೆಯಲ್ಲಿ ಯಾರಿಗಾದರೂ ಈ ತೊಂದರೆ ಇದ್ದರೆ ಇಂದೇ ಒಂದು ಕೆಲಸ ಮಾಡಿ: ಮನೆಯಲ್ಲಿರುವ ಟ್ಯೂಬನ್ನು ತೆಗೆದು ಅದರ ಮೇಲಿರುವ ಔಷಧದ ಹೆಸರನ್ನು ಓದಿ. ಮೇಲೆ ಹೇಳಿದ ನಾಲ್ಕು ಹೆಸರುಗಳಲ್ಲಿ ಒಂದು ಅಲ್ಲಿದ್ದರೆ, ಮುಂದಿನ ಸಲ ಹಚ್ಚುವ ಮೊದಲು ವೈದ್ಯರನ್ನು ಕೇಳಿ.